ಹೆಸ್ಟ್‌ವೋಗಿನ ಧಕ್ಕೆಯಲ್ಲಿ ಯೋಗರಾಣಿ

ಚಳಿ ಬಿಗಿದ ದಿನಗಳಲ್ಲಿ, ದೇಶದ ಉತ್ತರ ತುದಿಯ ನಮ್ಮ ಹೆಸ್ಟ್‌ವೋಗಿನಲ್ಲಿ ಕಡಲು ಹೊಗೆಯಾಡುತ್ತದೆ. ನೀರಿಗಿಂತ ಗಾಳಿ ತಣ್ಣಗಾದಾಗ ಅಲೆಗಳ ಮೇಲಿಂದ ಬಿಳಿ ಆವಿ ಏಳುತ್ತದೆ, ಆಳೆತ್ತರಕ್ಕೆ ನಿಲ್ಲುತ್ತದೆ, ಆಮೇಲೆ ಯಾರೋ ಕರೆದಂತೆ ಮೆಲ್ಲಗೆ ನಡೆಯತೊಡಗುತ್ತದೆ. ಚಿಕ್ಕಂದಿನಲ್ಲಿ ನಾನು ಅದನ್ನು ಮುಳುಗಿಹೋದವರ ಮೆರವಣಿಗೆ ಎಂದು ನಂಬಿದ್ದೆ. ಅರವತ್ತು ದಾಟಿದ ಮೇಲೂ ಆ ನಂಬಿಕೆ ಪೂರ್ತಿ ಹೋಗಿಲ್ಲ. ನವೆಂಬರಿನ ಒಂದು ಮಧ್ಯಾಹ್ನ ಅಂಥ ಹೊಗೆಯೊಳಗಿಂದ ಅರುಳನ ದೋಣಿ ಬಂತು. ಅರುಳ್ ಬರಲಿಲ್ಲ.

ದೋಣಿಯ ಹೆಸರು ಟೆರ್ನಾ. ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಬಂದರಿನ ಬಾಯಲ್ಲಿ ಅದು ದಾರಿ ಮರೆತ ದನದ ಹಾಗೆ ಸುತ್ತು ಹೊಡೆಯುತ್ತಿತ್ತು. ಮುದುಕ ಎಡ್ವಿನ್ ತನ್ನ ಚಿಕ್ಕ ಬೋಟಿನಲ್ಲಿ ಹೋಗಿ ಹಗ್ಗ ಹಾಕಿ ಎಳೆದು ತಂದ. ಒಳಗೆ ಅರ್ಧ ಎಳೆದ ಗಾಳದ ಸಾಲು, ಅದರ ತುದಿಯಲ್ಲಿ ಇನ್ನೂ ಬಾಯಿ ಆಡಿಸುತ್ತಿದ್ದ ಒಂದು ಕಾಡ್ ಮೀನು, ಮುಚ್ಚಳ ತೆಗೆದ ಚಹಾದ ಫ್ಲಾಸ್ಕು. ಮನುಷ್ಯ ಮಾತ್ರ ಇಲ್ಲ.

ನನ್ನ ಹೆಸರು ಓದ್ನಿ. ಧಕ್ಕೆಯ ಪಕ್ಕದ ಷೆಡ್ಡು ನನ್ನದು. ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿದ ದೋಣಿಗಳ ಗಾಳಗಳಿಗೆ ಎರೆ ಚುಚ್ಚಿ, ಆ ಸಾಲನ್ನು ಸಿಕ್ಕಾಗದಂತೆ ತೊಟ್ಟಿಯಲ್ಲಿ ಸುತ್ತಿ ಕೊಡುವುದು ನಮ್ಮ ಕೆಲಸ. ಅರುಳನ ಹೆಂಡತಿ ಯೋಗರಾಣಿ ಒಂಬತ್ತು ವರ್ಷದಿಂದ ನನ್ನ ಎದುರಿನ ಮೇಜಿನಲ್ಲಿ ನಿಂತು ಎರೆ ಚುಚ್ಚುತ್ತಿದ್ದಳು. ಆ ಮಧ್ಯಾಹ್ನವೂ ನಿಂತಿದ್ದಳು. ನಾನು ಹೋಗಿ ಹೇಳುವ ಮೊದಲೇ ಅವಳಿಗೆ ಎಂಜಿನ್ನಿನ ಸದ್ದು ಕೇಳಿತ್ತು.

"ಅವರು ಹೀಗೆ ಓಡಿಸಲ್ಲ ಅಕ್ಕಾ," ಎಂದಳು. "ಇದು ದೋಣಿ ಒಂದೇ ಬರ್ತಿರೋದು."

ಕೈಯಲ್ಲಿದ್ದ ಗಾಳಕ್ಕೆ ಎರೆ ಚುಚ್ಚಿ ಮುಗಿಸಿ, ಅದನ್ನು ತೊಟ್ಟಿಯ ಅಂಚಿಗೆ ಸರಿಯಾಗಿ ಸಿಕ್ಕಿಸಿಯೇ ಹೊರಗೆ ಬಂದಳು.

ಅವಳು ನನ್ನನ್ನು ಅಕ್ಕ ಎಂದು ಕರೆಯುವುದು ಬಂದ ಮೊದಲ ವಾರವೇ ಶುರುವಾಯಿತು. ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತೇವೆ. ಆದರೆ ಆ ಮಾತು ಅಂಟಿಕೊಂಡಿತು. ಷೆಡ್ಡಿನ ಹುಡುಗಿಯರೆಲ್ಲ, ಕೊನೆಗೆ ಅಂಚೆಯವನೂ ನನ್ನನ್ನು ಅಕ್ಕ ಎನ್ನತೊಡಗಿದರು. ಅವಳ ಹೆಸರನ್ನು ಮಾತ್ರ ಊರು 'ಯೋಗ' ಎಂದು ಮೊಟಕು ಮಾಡಿತ್ತು. "ಯೋಗ ಅಂದ್ರೆ ಚಾಪೆ ಹಾಸ್ಕೊಂಡು ಕೈಕಾಲು ತಿರುಚೋದು," ಎಂದು ಅವಳು ತಿದ್ದುತ್ತಿದ್ದಳು. "ನಾನು ಯೋಗರಾಣಿ. ರಾಣಿ ಬಿಟ್ಟು ಕರೀಬೇಡಿ." ನಮ್ಮ ಭಾಷೆಯನ್ನು ಅವಳು ಷೆಡ್ಡಿನಲ್ಲೇ ಕಲಿತದ್ದು, ಹಾಗಾಗಿ ಬೈಗುಳ ಮೊದಲು ಬಂತು, ವ್ಯಾಕರಣ ಆಮೇಲೆ.

ಅವರು ಲಂಕೆಯ ಉತ್ತರದ ಮಯಿಲಿಟ್ಟಿ ಎಂಬ ಮೀನುಗಾರರ ಊರಿನವರು. ಯುದ್ಧ ಎಬ್ಬಿಸಿ ಓಡಿಸಿದ ಮೇಲೆ ಅರುಳ್ ಇಲ್ಲಿಯ ಮೀನು ಕತ್ತರಿಸುವ ಕಾರ್ಖಾನೆಗೆ ಬಂದ, ಹಿಂದೆಯೇ ಅವಳು. ಆಗ ಇಲ್ಲಿ ಅವರ ಕಡೆಯವರು ಮೂವತ್ತು ನಲವತ್ತು ಜನ ಇದ್ದರು. ಒಬ್ಬೊಬ್ಬರಾಗಿ ಎಲ್ಲರೂ ದಕ್ಷಿಣದ ರಾಜಧಾನಿ ಓಸ್ಲೋಗೆ ಇಳಿದರು. ಇವರಿಬ್ಬರು ಉಳಿದರು. ಎಡ್ವಿನ್‌ಗೆ ಮಂಡಿ ಕೈಕೊಟ್ಟಾಗ ಅರುಳ್ ಅವನ ಟೆರ್ನಾ ಕೊಂಡ, ಅದರ ಜೊತೆಗೇ ಧಕ್ಕೆಯಲ್ಲಿ ಅದನ್ನು ಕಟ್ಟುವ ಜಾಗವೂ ಬಂತು. ಮಕ್ಕಳಿರಲಿಲ್ಲ. ಕಳೆದ ಎರಡು ಬೇಸಿಗೆ ಯೋಗರಾಣಿಯೂ ಗಂಡನ ಜೊತೆ ಕಡಲಿಗೆ ಹೋಗಿದ್ದಳು, ದೋಣಿ ನಡೆಸುವ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಅದನ್ನು ಯಾರೂ ಅಷ್ಟಾಗಿ ಗಮನಿಸಿರಲಿಲ್ಲ.

ಅರುಳನ ದೇಹ ಸಿಗಲಿಲ್ಲ. ಊರು ಅವಳ ಮನೆಗೆ ನಡೆದು ಬಂತು. ನಮ್ಮವರು ಮಾತಿನಲ್ಲಿ ಜಿಪುಣರು, ಆದರೆ ಸಾವಿನ ಮನೆಗೆ ಬರಿಗೈಲಿ ಹೋಗುವವರಲ್ಲ. ಕೇಕು, ವಾಫಲ್, ಕಾಫಿಪುಡಿ, ಸೌದೆ. ಅವಳು ಕಿಟಕಿಯಲ್ಲಿ ಎಣ್ಣೆ ದೀಪ ಹಚ್ಚಿಟ್ಟಳು. ಕತ್ತಲ ತಿಂಗಳುಗಳಲ್ಲಿ ನಾವೂ ಕಿಟಕಿಗೆ ದೀಪ ಇಡುವವರೇ. ಆಗಲೇ ಸೂರ್ಯ ದಿಗಂತದ ಕೆಳಗೆ ಇಳಿದು ಎರಡು ತಿಂಗಳ ರಜೆ ಹಾಕಿದ್ದ. ಮಧ್ಯಾಹ್ನದ ಹೊತ್ತಿಗೆ ಆಕಾಶ ಶಾಯಿ ಚೆಲ್ಲಿದಂತೆ ನೀಲಿಯಾಗಿ, ಒಂದೆರಡು ಗಂಟೆಯಲ್ಲಿ ಮತ್ತೆ ಕಪ್ಪಾಗುತ್ತಿತ್ತು. ಆ ನೀಲಿಯಲ್ಲಿ ಬೆಟ್ಟದಿಂದ ನೋಡಿದರೆ ಯಾವ ದೀಪ ಯಾರ ಮನೆಯದು ಎಂದು ತಿಳಿಯುತ್ತಿರಲಿಲ್ಲ.

ನಮ್ಮ ಚರ್ಚಿನ ಮುಂದೆ ಒಂದು ಕಲ್ಲಿದೆ, ಕಡಲು ನುಂಗಿದವರ ಹೆಸರು ಕೆತ್ತಿದ್ದು. ನನ್ನ ಗಂಡ ಹಾಲ್ವ್‌ದಾನನ ಹೆಸರೂ ಅದರಲ್ಲಿದೆ. ಡಿಸೆಂಬರಿನಲ್ಲಿ ಚರ್ಚಿನ ಪಾದ್ರಿಯಮ್ಮ ಊರ ಸಭೆ ಕರೆದು, ಅರುಳನ ಹೆಸರನ್ನೂ ಕೆತ್ತಿಸೋಣವೇ ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಯಾರೋ ಗೊಣಗಿದರು: "ಅದು ಇಲ್ಲಿ ಹುಟ್ಟಿದೋರಿಗೆ ಮಾತ್ರ ಅಲ್ವಾ?"

ಎಡ್ವಿನ್ ಕೋಲು ಊರಿಕೊಂಡು ಎದ್ದ. "ಇಲ್ಲಿ ಹುಟ್ಟಿದೋರಾ? ಹೆರಿಗೆ ಆಸ್ಪತ್ರೆ ಇರೋದು ಹಾಮರ್‌ಫೆಸ್ಟ್‌ನಲ್ಲಿ. ನಲವತ್ತು ವರ್ಷದಿಂದ ಈ ಊರಲ್ಲಿ ಕುರಿಮರಿ ಬಿಟ್ರೆ ಯಾರೂ ಹುಟ್ಟಿಲ್ಲ." ಪಕ್ಕದಲ್ಲಿ ಕೂತಿದ್ದ, ಹೊಸದಾಗಿ ದೋಣಿ ಕೊಂಡ ಹುಡುಗನ ಕಡೆ ತಿರುಗಿದ. "ಸ್ಟಿಯಾನ್, ನೀನು ಮುಳುಗಿದ್ರೆ ನಿನ್ನ ಹೆಸರು ಹಾಮರ್‌ಫೆಸ್ಟ್‌ಗೆ ಕಳಿಸ್ತೀವಿ ಬಿಡಪ್ಪ."

ಸಭೆ ನಕ್ಕಿತು. ನಕ್ಕ ಮೇಲೆ ಕೈಗಳು ತಾವಾಗಿ ಎದ್ದವು. ಸ್ಟಿಯಾನನದೂ ಎದ್ದಿತು, ಗೊಣಗಿದವನದೂ. ಬಂದರು ಸಂಘದ ಅಧ್ಯಕ್ಷ, ನನ್ನ ಅಣ್ಣ ಮಾಗ್ನಾರ್, ಕಣ್ಣೊರೆಸಿಕೊಂಡ. ಅವನು ಅತ್ತದ್ದನ್ನು ನಾನು ನೋಡಿದ್ದು ನಮ್ಮಮ್ಮ ಹೋದಾಗ ಒಮ್ಮೆ ಮಾತ್ರ. ಪತ್ರಿಕೆಯವರು ಬಂದು 'ನಮ್ಮ ಅರುಳ್' ಎಂದು ದೊಡ್ಡ ಅಕ್ಷರದಲ್ಲಿ ಬರೆದರು. ಆ ದಿನ ಮನೆಗೆ ನಡೆಯುವಾಗ ಹಿಮದ ಮೇಲೆ ನಮ್ಮೆಲ್ಲರ ಹೆಜ್ಜೆ ಹಗುರಾಗಿತ್ತು. ನಾವು ಒಳ್ಳೆಯವರು ಎಂದು ಊರಿಗೆ ಊರೇ ಅಂದುಕೊಂಡಿತ್ತು. ನಾನೂ ಅಂದುಕೊಂಡೆ.

ಮಾಗ್ನಾರ್ ಮತ್ತು ನಾನು ಯೋಗರಾಣಿಗೆ ಸುದ್ದಿ ಹೇಳಲು ಹೋದೆವು. ಅವಳು ಮೀನಿನ ಸಾರು ಬಿಸಿ ಮಾಡಿ ಬಡಿಸಿದಳು. ಆ ಸಾರು ಊರಿನ ಹಬ್ಬದೂಟದಲ್ಲಿ ಮೊದಲು ಖಾಲಿಯಾಗುವ ಪಾತ್ರೆ. ಮಾಗ್ನಾರ್ ಖಾರಕ್ಕೆ ಮೂಗು ಸೊರಗುಟ್ಟುತ್ತಲೇ ಎರಡು ಸಲ ಹಾಕಿಸಿಕೊಂಡ. ಕಲ್ಲಿನ ವಿಷಯ ಹೇಳಿದ. ಅವಳು ಕೇಳಿಸಿಕೊಂಡು, ಎರಡೂ ಕೈ ಮುಗಿದಳು. ಆಮೇಲೆ ಕೇಳಿದಳು:

"ಜಾಗ ನನ್ನ ಹೆಸರಿಗೆ ಯಾವಾಗ ಮಾಡಿಕೊಡ್ತೀರಿ?"

"ಯಾವ ಜಾಗ?"

"ಧಕ್ಕೇದು. ಟೆರ್ನಾ ಕಟ್ಟೋದು. ಮಾರ್ಚಿನಿಂದ ನಾನು ಕಡಲಿಗೆ ಇಳೀತೀನಿ."

ಮಾಗ್ನಾರ್ ಚಮಚ ಕೆಳಗಿಟ್ಟ. "ಅದು ಬೇರೆ ವಿಷಯ ಕಣಮ್ಮ. ಯಜಮಾನ ಹೋದ್ರೆ ಜಾಗ ಸಂಘಕ್ಕೆ ವಾಪಸು, ಅದು ನಿಯಮ. ಸ್ಟಿಯಾನ್ ಟ್ರೊಮ್ಸೋದಿಂದ ವಾಪಸು ಬಂದಿದ್ದಾನೆ, ದೋಣಿ ತಗೊಂಡಿದ್ದಾನೆ, ಕಾಯ್ತಾ ಇದ್ದಾನೆ. ಅಲ್ಲದೆ..." ಅವನು ಮೆತ್ತಗಿನ ದನಿ ತಂದುಕೊಂಡ. "ನೀನು ಒಬ್ಬಳೇ ಇಲ್ಲಿ ಏನು ಮಾಡ್ತೀಯಾ? ಓಸ್ಲೋದಲ್ಲಿ ನಿಮ್ಮೋರಿದ್ದಾರೆ. ದೇವಸ್ಥಾನ ಇದೆ. ಯಾವಾಗ ಹೋಗ್ತೀಯಾ ಅಂತ ಹೇಳು, ಸಾಮಾನು ಸಾಗಿಸೋಕೆ ನಾವೆಲ್ಲ ಬರ್ತೀವಿ."

"ಹೋಗ್ತೀನಿ ಅಂತ ನಾನು ಹೇಳಿದ್ನಾ?"

"ಹೇಳಿಲ್ಲ, ಆದ್ರೆ..."

"ಓಸ್ಲೋದಲ್ಲಿ ನನ್ನೋರು ಯಾರು? ನನ್ನ ಗಂಡ ಈ ನೀರಲ್ಲಿದ್ದಾರೆ."

ಮಾಗ್ನಾರ್ ಫೆಬ್ರುವರಿಯ ಸಭೆಯಲ್ಲಿ ನೋಡೋಣ ಎಂದು ಎದ್ದ. ದಾರಿಯಲ್ಲಿ ನನಗೆ ಹೇಳಿದ, "ದುಃಖದಲ್ಲಿ ಆಡ್ತಿದ್ದಾಳೆ. ಸೂರ್ಯ ಬರಲಿ, ಸರಿಹೋಗ್ತಾಳೆ."

ಅಂದು ನನಗೊಂದು ಕನಸು ಬಿತ್ತು. ನನ್ನ ಅಡುಗೆಮನೆಯ ಮೇಜಿಗೆ ಹಾಲ್ವ್‌ದಾನ್ ಮತ್ತು ಅರುಳ್ ಕೂತು ಇಸ್ಪೀಟು ಆಡುತ್ತಿದ್ದರು. ಇಬ್ಬರ ತೋಳಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಅವರು ಆಡುತ್ತಿದ್ದ ಭಾಷೆ ನಮ್ಮದೂ ಅಲ್ಲ, ಅವಳದೂ ಅಲ್ಲ, ಆದರೆ ನನಗೆ ಪ್ರತಿ ಮಾತೂ ತಿಳಿಯುತ್ತಿತ್ತು. ನಾನು ನೆಲ ಒರೆಸಲು ಬಟ್ಟೆ ತಂದೆ. ಎಷ್ಟು ಒರೆಸಿದರೂ ನೀರು ಬೆಚ್ಚಗೆ ಬರುತ್ತಲೇ ಇತ್ತು, ಮತ್ತು ಅದಕ್ಕೆ ನನಗೆ ಸ್ವಲ್ಪವೂ ಬೇಸರವಿರಲಿಲ್ಲ.

ಬೆಳಿಗ್ಗೆ ಷೆಡ್ಡಿನಲ್ಲಿ ಕನಸನ್ನು ಯೋಗರಾಣಿಗೆ ಹೇಳಿದೆ. ಅವಳು ಇನ್ನೂ ನಾಲ್ಕೈದು ಗಾಳಕ್ಕೆ ಎರೆ ಚುಚ್ಚಿದಳು.

"ಯಾರು ಗೆದ್ರು?" ಎಂದಳು ಕೊನೆಗೆ.

"ಅರುಳ್ ಗೆಲ್ತಿದ್ದ ಅನ್ಸುತ್ತೆ."

"ಹಾಗಾದ್ರೆ ಮೋಸ ಮಾಡಿರ್ತಾರೆ," ಎಂದು ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಅಕ್ಕಾ, ನಾಳೆ ಗಾಳಿ ಇಲ್ಲ. ನನ್ನ ಜೊತೆ ಕಡಲಿಗೆ ಬರ್ತೀಯಾ?"

ಹಾಲ್ವ್‌ದಾನ್ ಮುಳುಗಿದ ಮೇಲೆ ನಾನು ದೋಣಿಗೆ ಕಾಲಿಟ್ಟಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದೆ. ಬಂದದ್ದು "ಎಷ್ಟು ಹೊತ್ತಿಗೆ?" ಎಂಬ ಮಾತು.

ನಾವು ನೀಲಿ ಮೂಡುವ ಹೊತ್ತಿಗೆ ಹೊರಟೆವು. ಹಗ್ಗ ಬಿಚ್ಚುವುದು, ತಿರುಗಿಸುವುದು, ಬಂಡೆಗಳ ನಡುವೆ ನುಸುಳುವುದು, ಎಲ್ಲವನ್ನೂ ಅವಳು ಮಾತಿಲ್ಲದೆ ಮಾಡಿದಳು. ಕಡಲು ಎಣ್ಣೆ ಹಚ್ಚಿದ ಹಲಗೆಯಂತೆ ನುಣ್ಣಗಿತ್ತು. ಮೇಲೂ ನೀಲಿ, ಕೆಳಗೂ ನೀಲಿ. ಹಿಮದ ಬೆಟ್ಟಗಳು ಮಾತ್ರ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗುತ್ತಿದ್ದವು. ಅರುಳನ ಮೀನಿನ ಜಾಗಕ್ಕೆ ಬಂದಾಗ ಅವಳು ಎಂಜಿನ್ ನಿಲ್ಲಿಸಿದಳು. ನನ್ನ ಉಸಿರು ನನಗೇ ಕೇಳುವಷ್ಟು ಮೌನ. ಅವಳು ಒಂದು ಹಿಡಿ ಅನ್ನ, ಸ್ವಲ್ಪ ಎಳ್ಳು ನೀರಿಗೆ ಬಿಟ್ಟು, ಬಾಗಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅಳುವ ದನಿಯಲ್ಲ. ಸಂಜೆ ಬರುವಾಗ ಏನು ತರಬೇಕೆಂದು ಗಂಡನಿಗೆ ಹೇಳುವ ದನಿ.

"ನಮ್ಮೂರಲ್ಲೂ ಬಂದರು ಇತ್ತು," ಎಂದಳು ಆಮೇಲೆ. "ಇಂಥದೇ ಅಲ್ಲ. ಅಲ್ಲಿ ಹಗ್ಗ ಮುಟ್ಟಿದ್ರೆ ಕೈ ಸುಡೋದು, ಇಲ್ಲಿ ಚಳಿಗೆ ಅಂಟಿಕೊಳ್ಳತ್ತೆ. ನಮ್ಮಪ್ಪ ದೋಣಿ ಕಟ್ಟೋ ಕಂಬದಲ್ಲಿ ಹಗ್ಗ ಉಜ್ಜಿ ಉಜ್ಜಿ ಪಟ್ಟಿ ಬಿದ್ದಿತ್ತು. ಒಂದಿನ ಸಿಪಾಯಿಗಳು ಬಂದ್ರು. ಉಟ್ಟ ಬಟ್ಟೇಲಿ ಓಡಿದ್ವಿ. ಆಮೇಲೆ ಬಂದರಿಗೆ ಬೇಲಿ ಹಾಕಿದ್ರು. ದೋಣಿ ಅಲ್ಲೇ ಕಟ್ಟಿದ ಹಾಗೇ ಇತ್ತು, ಅಕ್ಕಾ. ಈಗಲೂ ಕನಸಲ್ಲಿ ಹೋಗ್ತೀನಿ. ಕನಸಲ್ಲಿ ನಮ್ಮಪ್ಪನ ಕಂಬದ ಮೇಲೆ ಹಿಮ ಬಿದ್ದಿರತ್ತೆ, ತಾಳೆಮರದ ಕೆಳಗೆ ಎಡ್ವಿನ್ ಮುದುಕ ಪೈಪು ಸೇದ್ತಿರ್ತಾನೆ."

ನನಗೆ ನಗು ಬಂತು.

"ಅರುಳ್ ಈ ಜಾಗ ಸಿಕ್ಕ ದಿನ ನನ್ನ ಕರ್ಕೊಂಡು ಬಂದು, ಹಗ್ಗ ನನ್ನ ಕೈಲೇ ಕಟ್ಟಿಸಿದ್ರು. 'ಇನ್ನು ಇದನ್ನ ಯಾರೂ ಬಿಚ್ಚಿಸಲ್ಲ' ಅಂದ್ರು." ಅವಳು ಎಂಜಿನ್ನಿನ ಕೀಲಿಗೆ ಕೈ ಹಾಕಿದಳು. "ಮಾಗ್ನಾರ್ ಒಳ್ಳೆಯವರು, ನಂಗೊತ್ತು. ಒಳ್ಳೆಯವರ ಹತ್ತಿರ ಜಗಳ ಆಡೋದು ತುಂಬ ಕಷ್ಟ."

ಆ ದಿನ ನಾವು ಎರಡು ತೊಟ್ಟಿ ಮೀನು ತಂದೆವು.

ಜನವರಿಯ ಕೊನೆಯಲ್ಲಿ ಸೂರ್ಯ ಬೆಟ್ಟದ ಸಂದಿನಿಂದ ಒಂದು ಕಿತ್ತಳೆ ಸಿಪ್ಪೆಯಷ್ಟು ಇಣುಕಿದ. ಅವನ ಸ್ವಾಗತಕ್ಕೆ ಶಾಲೆಯ ಮಕ್ಕಳು ಬನ್ನು ತಿಂದು ಹಾಡಿದರು. ಫೆಬ್ರುವರಿಯ ಮೊದಲ ವಾರ ಬಂದರು ಸಂಘದ ಸಭೆ ಸೇರಿತು. ಸ್ಟಿಯಾನ್ ಮುಂದಿನ ಸಾಲಿನಲ್ಲಿದ್ದ. ಅವನು ಕೆಟ್ಟವನಲ್ಲ, ಎರಡು ಚಿಕ್ಕ ಮಕ್ಕಳಿದ್ದವು, ಸಾಲ ಮಾಡಿ ದೋಣಿ ತಂದಿದ್ದ. ಯೋಗರಾಣಿ ಬಾಗಿಲ ಹತ್ತಿರ, ಕಡಲಿಗೆ ಹೋಗುವ ಮೇಲುಡುಪಿನಲ್ಲೇ ಕೂತಿದ್ದಳು.

ಮಾಗ್ನಾರ್ ಕೆಮ್ಮಿ ಶುರು ಮಾಡಿದ. "ಸಮಿತಿ ಯೋಚನೆ ಮಾಡಿದೆ. ಯಾರಿಗೂ ಬೇಜಾರಾಗದ ಹಾಗೆ ಒಂದು ದಾರಿ ಹುಡುಕಿದ್ದೀವಿ. ಒಳಗಿನ ಜಾಗ ಸ್ಟಿಯಾನ್‌ಗೆ. ಯೋಗರಾಣಿ ಅಲೆ ತಡೆಯೋ ಗೋಡೆಯ ಹೊರಮಗ್ಗುಲಲ್ಲಿ ಕಟ್ಟಿಕೊಳ್ಳಬಹುದು. ಅಲ್ಲಿಗೆ ಬಾಡಿಗೆ ಇಲ್ಲ."

"ಗೋಡೆ ಹೊರಗೆ ವಾಯವ್ಯದ ಗಾಳಿಗೆ ದೋಣಿ ಚೂರಾಗತ್ತೆ," ಎಂದ ಎಡ್ವಿನ್.

"ಬೇಸಿಗೇಲಿ ಏನಾಗಲ್ಲ."

"ಬೇಸಿಗೇಲಿ ನನ್ನ ಬಾತುಕೋಳಿನೂ ಅಲ್ಲಿರತ್ತೆ."

ಯೋಗರಾಣಿ ಎದ್ದಳು. ಅವಳ ದನಿ ಏರಲಿಲ್ಲ. "ಹಾಗಾದ್ರೆ ಕಲ್ಲಿನ ಕೆಲಸ ನಿಲ್ಲಿಸಿಬಿಡಿ. ಹಗ್ಗಕ್ಕೆ ಜಾಗ ಇಲ್ಲದ ಊರಲ್ಲಿ ಅವರ ಹೆಸರಿಗೆ ಜಾಗ ಬೇಡ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಇಷ್ಟು ಮಾಡಿದ್ದಕ್ಕೆ ಇದಾ ಬೆಲೆ? ಪತ್ರಿಕೇಲೂ ಬಂದಿದೆಯಲ್ಲ! ಮೊದಲ ದಿನದಿಂದ ಕೈಲಿ ಹೊತ್ತು ಸಾಕಿದ್ವಿ. ಕೃತಜ್ಞತೆ ಅನ್ನೋದು ಬೇಡವಾ? ಕೇಕು ಹೊತ್ತು ಅವಳ ಮನೆಗೆ ಹೋದವರ ಬಾಯಲ್ಲೇ ಈ ಮಾತುಗಳು. ಅವರ ಮುಖಗಳಲ್ಲಿ ಇದ್ದದ್ದು ದ್ವೇಷವಲ್ಲ, ನೋವು. ಕೊಟ್ಟ ಉಡುಗೊರೆಯನ್ನು ಹಿಂದಿರುಗಿಸಿದರೆ ಆಗುವ ನೋವು.

ಆಗ ನಾನು ಎದ್ದೆ. ಎದ್ದಾಗ ಏನು ಹೇಳುವೆನೆಂದು ನನಗೇ ತಿಳಿದಿರಲಿಲ್ಲ.

"ಯಜಮಾನ ಹೋದ್ರೆ ಜಾಗ ಸಂಘಕ್ಕೆ ವಾಪಸು ಅಂತ ನಿಯಮ, ಅಲ್ವಾ ಮಾಗ್ನಾರ್?"

"ಹೌದು. ನೀನು ಕೂತ್ಕೋ ಓದ್ನಿ."

"ನನ್ನ ಹಾಲ್ವ್‌ದಾನ್ ಹೋಗಿ ಹದಿನೆಂಟು ವರ್ಷ ಆಯ್ತು. ಅವನ ದೋಣಿ ಅದೇ ಧಕ್ಕೇಲಿ, ಒಳಗಿನ ಜಾಗದಲ್ಲಿ ಕೊಳೀತಾ ಇದೆ. ಅದರಲ್ಲಿ ಕಡಲಹಕ್ಕಿ ಸಂಸಾರ ಮಾಡ್ತಿದೆ. ನಿಮ್ಮಲ್ಲಿ ಒಬ್ಬರಾದ್ರೂ ಬಂದು ನಂಗೆ ನಿಯಮ ಹೇಳಿದ್ರಾ? ಯಾವಾಗ ಹೋಗ್ತೀಯಾ ಅಂತ ಕೇಳಿದ್ರಾ?"

ಮಾಗ್ನಾರ್ ಮುಂದಿದ್ದ ಕಾಗದಗಳನ್ನು ಜೋಡಿಸತೊಡಗಿದ.

"ಅದು... ಅದು ನಿನ್ನ ವಿಷಯ," ಎಂದ ಮಾಗ್ನಾರ್. "ನೀನು ನಮ್ಮೂರೋಳು."

"ಅಣ್ಣಾ, ಸುಟ್ಟ ವರ್ಷದಲ್ಲಿ ನಾವು ಯಾವೂರೋರಾಗಿದ್ವಿ?"

ನಮ್ಮ ಸೀಮೆಯಲ್ಲಿ 'ಸುಟ್ಟ ವರ್ಷ' ಎಂದರೆ ಒಂದೇ. ಎರಡನೆಯ ಮಹಾಯುದ್ಧದ ಕೊನೆಗೆ ಜರ್ಮನರು ಹಿಂದೆ ಸರಿಯುವಾಗ ಪ್ರತಿ ಮನೆಗೂ ಬೆಂಕಿಯಿಟ್ಟು, ಜನರನ್ನು ದೋಣಿಗೆ ತುಂಬಿ ದಕ್ಷಿಣಕ್ಕೆ ಅಟ್ಟಿದರು. ನನಗೆ ಆರು ವರ್ಷ, ಮಾಗ್ನಾರ್‌ಗೆ ಹತ್ತು. ಒಬ್ಬ ಶ್ರೀಮಂತ ರೈತನ ಲಾಯದ ಮೇಲಿನ ಕೋಣೆ ನಮಗೆ ಸಿಕ್ಕಿತು. ಮೊದಲ ವಾರ ಆ ಮನೆಯ ಹೆಂಗಸು ಕಂಬಳಿ ತಂದಳು, ಜ್ಯಾಮು ತಂದಳು, ನಮ್ಮನ್ನು ಚರ್ಚಿಗೆ ಕರೆದೊಯ್ದು ಎಲ್ಲರಿಗೂ ತೋರಿಸಿದಳು. ವಸಂತ ಬರುವ ಹೊತ್ತಿಗೆ ಮೆಟ್ಟಿಲ ಕೆಳಗಿಂದ ಕೂಗತೊಡಗಿದಳು. ಶಾಲೆಯಲ್ಲಿ ಮಾಗ್ನಾರ್ ತನ್ನ ಮಾತಿನ ಧಾಟಿಗಾಗಿ ದಿನವೂ ಒದೆ ತಿಂದ. ಅಲ್ಲಿ ಬಿದ್ದ ಹಲ್ಲು ಇವತ್ತಿಗೂ ಇಲ್ಲ. ಕೊನೆಗೆ ಅಮ್ಮ ಸರಕಾರದ ಮಾತನ್ನೂ ಕೇಳದೆ ನಮ್ಮನ್ನು ಕಟ್ಟಿಕೊಂಡು ಸುಟ್ಟ ಊರಿಗೇ ಮರಳಿದಳು. ಒಂದು ಚಳಿಗಾಲ ಮಗುಚಿದ ದೋಣಿಯ ಕೆಳಗೆ ಕಳೆದೆವು.

"ಆ ಹೆಂಗಸು ಮೆಟ್ಟಿಲ ಕೆಳಗೆ ನಿಂತು ಅಮ್ಮನ್ನ ಏನಂತ ಕೇಳ್ತಿದ್ದಳು?" ಎಂದೆ. "ನೀನೇ ಹೇಳು."

ಮಾಗ್ನಾರ್ ಸಭೆ ನಡೆಸುವ ಮರದ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ. ಅವನ ನಾಲಗೆ ಇಲ್ಲದ ಹಲ್ಲಿನ ಜಾಗವನ್ನು ತಡವುತ್ತಿದ್ದುದು ಕೆನ್ನೆಯ ಮೇಲಿಂದಲೇ ಕಾಣುತ್ತಿತ್ತು.

"ಯಾವಾಗ ಹೊರಡ್ತೀರಿ ಅಂತ," ಎಂದ.

ನಾನು ಕೂತೆ. ಕೂರುವ ಮೊದಲು ಇನ್ನೊಂದು ಮಾತು ಹೇಳಿದೆ: "ಹಾಲ್ವ್‌ದಾನನ ಜಾಗ ಸ್ಟಿಯಾನ್ ತಗೊಳ್ಳಲಿ. ದೋಣಿ ನಾನು ತೆಗೆಸ್ತೀನಿ."

ಇಲ್ಲಿಗೆ ಎಲ್ಲರೂ ಎದ್ದು ಯೋಗರಾಣಿಯನ್ನು ಅಪ್ಪಿಕೊಂಡರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಜಾಗದ ಕೊರತೆ ನೀಗಿತು. ಸ್ಟಿಯಾನ್ ಬಂದು ನನ್ನ ಕೈ ಕುಲುಕಿದ. ಆದರೂ ಅರುಳನ ಜಾಗವನ್ನು ಅವಳ ಹೆಸರಿಗೆ ಬರೆಯಲು ಸಭೆಗೆ ಕೈ ಬರಲಿಲ್ಲ. ಒಬ್ಬ ನೋಡೋಣ ಎಂದ. ಇನ್ನೊಬ್ಬ, ಅವಳು ನಿಜವಾಗಿ ಮೀನು ಹಿಡಿಯುತ್ತಾಳೋ ಇಲ್ಲವೋ ಎಂದ. ಮತ್ತೊಬ್ಬ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದ. ಕೊನೆಗೆ ಒಂದು ವರ್ಷಕ್ಕೆ, ತಾತ್ಕಾಲಿಕವಾಗಿ, ಎಂದು ತೀರ್ಮಾನವಾಯಿತು.

ಹೊರಗೆ ಬಂದಾಗ ಹಿಮ ಸಣ್ಣಗೆ ಬೀಳುತ್ತಿತ್ತು. "ತಾತ್ಕಾಲಿಕ ಅಂದ್ರೆ ಎಷ್ಟು ದಿನ?" ಎಂದು ಯೋಗರಾಣಿ ಕೇಳಿದಳು.

"ನಮ್ಮೂರಲ್ಲಿ? ಎಡ್ವಿನ್ ಮನೆ ಮೇಲಿನ ತಗಡು ಸುಟ್ಟ ವರ್ಷದ ನಂತರ ತಾತ್ಕಾಲಿಕವಾಗಿ ಹೊದಿಸಿದ್ದು."

ಅವಳು ತಲೆಯೆತ್ತಿ ಬೀಳುವ ಹಿಮವನ್ನು ನೋಡಿದಳು. "ಸರಿ. ಕಲ್ಲಿನವನಿಗೆ ಹೇಳಿಬಿಡು ಅಕ್ಕಾ. ಸಂಘದವರು ಜಾಗ ಖಾಯಂ ಮಾಡಿದ ದಿನ ಹೆಸರು ಕೆತ್ತಲಿ. ಅಲ್ಲಿವರೆಗೆ ಬೇಡ."

ಆ ವಸಂತ ಅವಳಿಗೆ ಸುಲಭವಾಗಿರಲಿಲ್ಲ. ಅಂಗಡಿಯಲ್ಲಿ ಜನ ನಗುತ್ತಿದ್ದರು, ಆದರೆ ನಗು ಬೇಗ ಮುಗಿಯುತ್ತಿತ್ತು. ಅವಳು ಹಗ್ಗ ಎಸೆದಾಗ ಧಕ್ಕೆಯ ಮೇಲೆ ನಿಂತವರು ಅದನ್ನು ಹಿಡಿದು ಕಟ್ಟುತ್ತಿದ್ದರು. ಕಟ್ಟದೆ ಇರುವುದು ಕಡಲಿನ ಜನಕ್ಕೆ ಸಾಧ್ಯವಿಲ್ಲ. ಕಟ್ಟಿ, ಮಾತಾಡದೆ ಹೋಗುತ್ತಿದ್ದರು. ಹಬ್ಬದೂಟಕ್ಕೆ ಸಾರು ಮಾಡಿಕೊಡು ಎಂದು ಕೇಳಲು ಆ ವರ್ಷ ಯಾರೂ ಅವಳ ಮನೆಗೆ ಹೋಗಲಿಲ್ಲ. ಅವಳು ಮಾತ್ರ ದಿನಾ ಕಡಲಿಗಿಳಿದಳು. ಹೆಗಲು ನೋವೆಂದು ನನ್ನ ಹತ್ತಿರ ಎಣ್ಣೆ ತಿಕ್ಕಿಸಿಕೊಂಡಳು, ಕೆಲವೊಮ್ಮೆ ತಿಕ್ಕುತ್ತಿರುವಾಗಲೇ ನಿದ್ದೆಹೋದಳು. ನಿದ್ದೆಯಲ್ಲಿ ಅವಳ ಬೆರಳುಗಳು ಗಂಟು ಹಾಕುತ್ತಲೇ ಇರುತ್ತಿದ್ದವು.

ಜೂನಿನ ನಡುಬೇಸಿಗೆಯ ಹಬ್ಬಕ್ಕೆ ನಮ್ಮಲ್ಲಿ ಹಳೆಯ ದೋಣಿ ಸುಡುವ ಪದ್ಧತಿಯಿದೆ. ಆ ಸಲ ಹಾಲ್ವ್‌ದಾನನ ದೋಣಿಯನ್ನು ಕೊಟ್ಟೆ. ಸ್ಟಿಯಾನ್, ಯೋಗರಾಣಿ ಮತ್ತು ಇನ್ನಿಬ್ಬರು ಅದನ್ನು ಮರಳಿಗೆ ಎಳೆದರು. ಹಕ್ಕಿಯ ಗೂಡನ್ನು ಯೋಗರಾಣಿ ತೆಗೆದು ಬಂಡೆಯ ಸಂದಿನಲ್ಲಿಟ್ಟಳು. ಸೂರ್ಯ ಮುಳುಗದ ಕಾಲ ಅದು. ಸಂಜೆಯ ಬಿಸಿಲಿನಲ್ಲಿ ಬೆಂಕಿ ಬೆಂಕಿಯಂತೆ ಕಾಣುವುದಿಲ್ಲ, ಗಾಳಿಯೇ ಮೆಲ್ಲಗೆ ನಡುಗುತ್ತಿರುವಂತೆ ಕಾಣುತ್ತದೆ. ಆ ನಡುಕದ ಆಚೆ ಊರಿನವರೆಲ್ಲ ನೀರಿನಡಿಯ ಜನರಂತೆ ತೂಗಾಡುತ್ತಿದ್ದರು. ಯಾರು ಯಾರೆಂದು ನನಗೆ ಗುರುತು ಸಿಗಲಿಲ್ಲ. ಹದಿನೆಂಟು ವರ್ಷ ಕಟ್ಟಿಟ್ಟುಕೊಂಡದ್ದು ಒಂದು ತಾಸಿನಲ್ಲಿ ಬೂದಿಯಾಯಿತು. ನಾನು ಅಳುತ್ತೇನೆಂದು ಎಲ್ಲರೂ ದೂರ ನಿಂತಿದ್ದರು. ನನಗೆ ಹಸಿವಾಗಿತ್ತು. ಯೋಗರಾಣಿ ಬುಟ್ಟಿಯಿಂದ ವಡೆ ತೆಗೆದು ಕೊಟ್ಟಳು, ತಿಂದೆ. ಸ್ಟಿಯಾನನ ಚಿಕ್ಕ ಮಗಳು ಬಂದು ಕೈಯೊಡ್ಡಿದಳು. ಅವಳ ಹಿಂದೆ ಅವಳ ತಾಯಿ.

ಅಂದಿನಿಂದ ಹಲವು ಫೆಬ್ರುವರಿಗಳು ಕಳೆದಿವೆ. ಪ್ರತಿ ಸಭೆಯಲ್ಲೂ ಟೆರ್ನಾದ ಜಾಗವನ್ನು ಒಂದು ವರ್ಷಕ್ಕೆ, ತಾತ್ಕಾಲಿಕವಾಗಿ, ಮುಂದುವರಿಸುತ್ತಾರೆ. ಈಗ ಚರ್ಚೆಯೂ ಇಲ್ಲ. ಕಾಫಿ ಬರುವ ಮೊದಲು ಮುಗಿಯುತ್ತದೆ. ಖಾಯಂ ಮಾಡೋಣ ಎಂದು ನಾನೂ ಎಡ್ವಿನ್‌ನೂ ಪ್ರತಿ ಸಲ ಹೇಳುತ್ತೇವೆ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ, ಪ್ರೀತಿಯಿಂದಲೇ. ಕಲ್ಲಿನ ಮೇಲೆ ಹಾಲ್ವ್‌ದಾನನ ಹೆಸರಿನ ಎರಡು ಸಾಲು ಕೆಳಗೆ ನುಣ್ಣಗೆ ಉಜ್ಜಿದ ಜಾಗ ಹಾಗೇ ಇದೆ. ಅದನ್ನು ತೋರಿಸಿ ಹೊರಗಿನವರು ಏನೆಂದು ಕೇಳಿದರೆ ನಮ್ಮವರು ಮಾತು ಬದಲಿಸುತ್ತಾರೆ.

ನಮ್ಮೂರು ಅವಳನ್ನು ಒಪ್ಪಿಕೊಂಡಿತೇ ಎಂದು ನೀವು ಕೇಳಿದರೆ ನನಗೆ ಒಂದೇ ಮಾತಿನ ಉತ್ತರ ಗೊತ್ತಿಲ್ಲ. ಆ ಮೊದಲ ವರ್ಷದ ಅಕ್ಟೋಬರಿನಲ್ಲಿ ನಡೆದದ್ದೊಂದನ್ನು ಹೇಳಬಲ್ಲೆ.

ಕಡಲಿಗೆ ಹೋದವರ ಮಾತು ಕೇಳಲು ನನ್ನ ಅಡುಗೆಮನೆಯಲ್ಲಿ ದೋಣಿಗಳ ರೇಡಿಯೋ ಸದಾ ಹಚ್ಚಿರುತ್ತದೆ. ಅಂದು ಎರಡು ವಾರದಿಂದ ಯಾರಿಗೂ ಮೀನು ಬಿದ್ದಿರಲಿಲ್ಲ. ಕಾಫಿಗೆ ನೀರಿಟ್ಟಿದ್ದೆ. ರೇಡಿಯೋದಲ್ಲಿ ಮಾಗ್ನಾರನ ದನಿ ಬಂತು. ಸಭೆಯಾದ ಮೇಲೆ ಅವನು ಅವಳೊಡನೆ ನೇರವಾಗಿ ಮಾತಾಡಿರಲಿಲ್ಲ.

"ಟೆರ್ನಾ, ಟೆರ್ನಾ. ಮಾಗ್ನಾರ್ ಮಾತಾಡೋದು. ಎಲ್ಲಿದ್ದೀಯಾ?"

ಗರಗರದ ನಡುವಿನಿಂದ, "ಬಿಳಿಬಂಡೆಯಿಂದ ಆಚೆ."

"ಏನಾದ್ರೂ ಬಿತ್ತಾ?"

"ಎಲ್ಲಿಂದ ಬರ್ಬೇಕು? ನಾಲ್ಕು ಮರಿ. ಬೆಕ್ಕಿಗೂ ಸಾಲಲ್ಲ."

ನಾನು ಕಿಟಕಿಯಿಂದ ನೋಡಿದೆ. ಟೆರ್ನಾ ಬಿಳಿಬಂಡೆಯ ಹತ್ತಿರ ಎಲ್ಲೂ ಇರಲಿಲ್ಲ. ಅದು ಬಂದರಿನ ಎದುರಿನ ದ್ವೀಪದ ದಕ್ಷಿಣಕ್ಕೆ, ತಿಳಿ ಮಂಜಿನೊಳಗೆ, ಮೀನಿನ ಭಾರಕ್ಕೆ ಅಂಚಿನವರೆಗೂ ನೀರಿಗಿಳಿದು, ತುಂಬು ಬಸುರಿಯ ಹಾಗೆ ಮೆಲ್ಲಗೆ ಬರುತ್ತಿತ್ತು. ಮಾಗ್ನಾರನಿಗೂ ತನ್ನ ದೋಣಿಯಿಂದ ಅದು ಕಂಡಿರಬೇಕು.

"ಸುಳ್ಳುಬುರುಕಿ!" ಎಂದು ಅವನು ಗುಡುಗಿದ. "ಕಣ್ಣಿಗೆ ಕಾಣ್ತಿದೆ, ದೋಣಿ ಮುಳುಗೋ ಹಾಗಿದೆ! ಎಲ್ಲಿ ಸಿಕ್ತು ಹೇಳೇ!"

"ಬಿಳಿಬಂಡೆ ಆಚೆ ಅಂದ್ನಲ್ಲ."

"ಇಷ್ಟು ಸುಳ್ಳು ಯಾರು ಕಲಿಸಿದ್ರು ನಿಂಗೆ?"

"ಎಡ್ವಿನ್ ಅಜ್ಜ. ನೀವೂ ಸ್ವಲ್ಪ ಕಲಿಸಿದ್ದೀರಿ."

ಮೀನು ಎಲ್ಲಿದೆಯೆಂದು ನಮ್ಮವರು ಪ್ರವಾಸಿಗಳಿಗೆ ನಿಜ ಹೇಳುತ್ತಾರೆ, ಪಾದ್ರಿಯಮ್ಮನಿಗೂ ನಿಜ ಹೇಳುತ್ತಾರೆ. ಸುಳ್ಳು ಹೇಳುವುದು, ಸುಳ್ಳಿಗೆ ಬೈಯುವುದು ತಮ್ಮತಮ್ಮಲ್ಲೇ. ಮಾಗ್ನಾರ್ ಅವಳನ್ನು ಅವಳ ಎಂಜಿನ್ನಿನಿಂದ ಹಿಡಿದು ಅವಳ ಹಿಂದಿನ ಏಳು ತಲೆಮಾರಿನವರೆಗೆ, ಹಾಲ್ವ್‌ದಾನನನ್ನು ಬೈಯುತ್ತಿದ್ದ ಅದೇ ಮಾತುಗಳಲ್ಲಿ, ಒಂದನ್ನೂ ಬಿಡದೆ ಬೈದ. ಅವಳು ಷೆಡ್ಡಿನಲ್ಲಿ ಕಲಿತದ್ದನ್ನೆಲ್ಲ ತಿರುಗಿ ಕೊಟ್ಟಳು. ನಾನು ರೇಡಿಯೋದ ದನಿ ಏರಿಸಿ, ಕುರ್ಚಿ ಎಳೆದುಕೊಂಡು ಕೂತೆ. ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುತ್ತಿತ್ತು. ಚೆಲ್ಲಲಿ ಎಂದು ಬಿಟ್ಟೆ.